ಫಾರ್ಮ್ಯಾಟ್ ಮಾಡಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಕಂಪ್ಯೂಟರ್ ಬಹಳ ನಿಧಾನವಾಗಿದೆ, ಕೆಲಸದ ನಡುವೆ ತಾನಾಗಿ ಆಫ್ ಆಗುತ್ತದೆ, ಆನ್ ಮಾಡಿದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ ಎಂದು ಯಾರಾದರೂ ಹೇಳಿಕೊಂಡರೆ ನಮ್ಮಲ್ಲಿ ತಕ್ಷಣ ಸಿಗುವ ಸಲಹೆ ಒಂದೇ: ಫಾರ್ಮ್ಯಾಟ್ ಮಾಡಿಸಿ, ಹೊಸದಾಗಿ ವಿಂಡೋಸ್ ಹಾಕಿಸಿ. ಇದರಿಂದ ಕೆಲವೊಮ್ಮೆ ಗುಣ ಕಾಣುವುದು ನಿಜ. ಆದರೆ ಆಪರೇಟಿಂಗ್ ಸಿಸ್ಟಮ್ ಮರುಸ್ಥಾಪನೆಯಿಂದ ಸರಿಹೋಗುವುದು ಅದರ ಕಡತಗಳಲ್ಲೋ, ಸೆಟ್ಟಿಂಗ್‌ಗಳಲ್ಲೋ, ಅದರ ಮೇಲೆ ಹಾಕಿಕೊಂಡ ತಂತ್ರಾಂಶಗಳಲ್ಲೋ ಇದ್ದ ದೋಷ ಮಾತ್ರ. ಕೆಡುತ್ತಿರುವ ಹಾರ್ಡ್ ಡಿಸ್ಕ್, ಸಡಿಲವಾದ ರ್ಯಾಮ್ (ತಾತ್ಕಾಲಿಕ ಮೆಮೊರಿಯ ಪಟ್ಟಿ), ಧೂಳು ಕಟ್ಟಿದ ಫ್ಯಾನ್, ಬಲ ಕುಂದಿದ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಇವು ಯಾವುವೂ ಫಾರ್ಮ್ಯಾಟ್‌ನಿಂದ ಬದಲಾಗುವುದಿಲ್ಲ. ಇನ್ನೊಂದು ನಷ್ಟವೂ ಇದೆ: ಫಾರ್ಮ್ಯಾಟ್ ಮಾಡಿದೊಡನೆ ದೋಷ ಎಲ್ಲಿತ್ತೆಂದು ತಿಳಿಸಬಲ್ಲ ದಾಖಲೆಗಳೂ ಅಳಿಸಿಹೋಗುತ್ತವೆ, ತಿಂಗಳೊಪ್ಪತ್ತಿನಲ್ಲಿ ಅದೇ ತೊಂದರೆ ಮರಳಿದಾಗ ಹುಡುಕಾಟವನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಆದ್ದರಿಂದ ದೋಷವು ಯಂತ್ರಾಂಶದಲ್ಲಿದೆಯೇ, ವಿಂಡೋಸ್‌ನಲ್ಲಿದೆಯೇ, ಅಥವಾ ಒಂದೇ ಒಂದು ತಂತ್ರಾಂಶದಲ್ಲಿದೆಯೇ ಎಂಬುದನ್ನು ಬೇರ್ಪಡಿಸಿ ನೋಡುವುದೇ ಮೊದಲ ಕೆಲಸ. ಇಲ್ಲಿನ ವಿವರಗಳು ವಿಂಡೋಸ್ 10 ಮತ್ತು 11 ಇರುವ ಯಂತ್ರಗಳಿಗೆ ಹೊಂದುತ್ತವೆ. ಯಾವ ಪರೀಕ್ಷೆಯಿಂದ ಏನೂ ಕೆಡುವುದಿಲ್ಲವೋ ಅದನ್ನು ಮೊದಲು ಮಾಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲವನ್ನು ನೋಡಿ, ಆಮೇಲೆ ಮುಂದಿನದಕ್ಕೆ ಹೋಗಬೇಕು. ಒಟ್ಟಿಗೆ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯದೇ ಉಳಿಯುತ್ತದೆ.

ಮೊದಲು ಕಡತಗಳ ರಕ್ಷಣೆ

ಯಂತ್ರ ಇನ್ನೂ ತೆರೆದುಕೊಳ್ಳುತ್ತಿದ್ದರೆ ಬೇರೆಲ್ಲ ಪರೀಕ್ಷೆಗೂ ಮೊದಲು ಮುಖ್ಯ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೋ ಪೆನ್‌ಡ್ರೈವ್‌ಗೋ ನಕಲು ಮಾಡಿಕೊಳ್ಳಿ. ಕಡತಗಳನ್ನು ಡಿ ಡ್ರೈವ್‌ನಲ್ಲಿ ಇಟ್ಟಿದ್ದೇನೆ, ಆದ್ದರಿಂದ ಭಯವಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಸಾಮಾನ್ಯವಾಗಿ ಸಿ, ಡಿ, ಇ ಎಂದು ಕಾಣುವುದು ಒಂದೇ ಡಿಸ್ಕ್‌ನ ಭಾಗಗಳು. ಡಿಸ್ಕ್ ಕೆಟ್ಟರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ, ಮರುಸ್ಥಾಪನೆಯ ಹೊತ್ತಿನಲ್ಲಿ ತಪ್ಪಾದ ಭಾಗವನ್ನು ಅಳಿಸಿದರೂ ಕಥೆ ಅಷ್ಟೇ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ಎಲ್ಲರ ನೆನಪಿಗೂ ಬರುತ್ತವೆ. ಕಳೆದುಹೋಗುವುದು ನೆನಪಿಗೆ ಬಾರದವು. ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಇಟ್ಟಿದ್ದರೆ ಆ ದತ್ತಾಂಶ ಬೇರೊಂದು ಫೋಲ್ಡರ್‌ನಲ್ಲಿರುತ್ತದೆ, ಅದು ಎಲ್ಲಿದೆ ಎಂಬುದನ್ನು ಟ್ಯಾಲಿಯ ಒಳಗೆ ಕಂಪನಿಯನ್ನು ಆರಿಸುವಾಗ ನೋಡಿ ಗುರುತು ಹಾಕಿಕೊಳ್ಳಬೇಕು. ಔಟ್‌ಲುಕ್ ಬಳಸುವವರ ಮೇಲ್ ಕಡತಗಳು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಮತ್ತು ಬುಕ್‌ಮಾರ್ಕ್‌ಗಳು ಇದೇ ಸಾಲಿಗೆ ಸೇರುತ್ತವೆ. ಕನ್ನಡದಲ್ಲಿ ಕೆಲಸ ಮಾಡುವ ಕಚೇರಿಗಳು ಮತ್ತು ಡಿಟಿಪಿ ಕೇಂದ್ರಗಳು ಇನ್ನೊಂದನ್ನೂ ಗಮನಿಸಬೇಕು. ಯೂನಿಕೋಡ್‌ಗೆ ಮುಂಚಿನ ಬಗೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಹಳೆಯ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಕಡತ ಕೆಟ್ಟಿಲ್ಲ, ವೈರಸ್ ಕೂಡ ಅಲ್ಲ; ಫಾಂಟ್ ಇಲ್ಲ, ಅಷ್ಟೇ. ಆದ್ದರಿಂದ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿರುವ ಫಾಂಟ್ಸ್ ಫೋಲ್ಡರ್‌ನಿಂದ ನಿಮ್ಮ ಕನ್ನಡ ಫಾಂಟ್‌ಗಳನ್ನೂ, ನೀವು ಬಳಸುವ ಆವೃತ್ತಿಯ ನುಡಿ ಅಥವಾ ಬರಹದ ಸ್ಥಾಪನಾ ಕಡತವನ್ನೂ ಎತ್ತಿಟ್ಟುಕೊಳ್ಳಿ.

ಯಂತ್ರ ತೆರೆಯದೇ ಇದ್ದರೂ ಕಡತಗಳನ್ನು ಪಡೆಯಬಹುದು. ಬೇರೊಂದು ಕಂಪ್ಯೂಟರ್‌ನಲ್ಲಿ ಉಬುಂಟು ಲಿನಕ್ಸ್ ಇರುವ ಪೆನ್‌ಡ್ರೈವ್ ಸಿದ್ಧಪಡಿಸಿ, ಕೆಟ್ಟ ಯಂತ್ರವನ್ನು ಅದರಿಂದ ಬೂಟ್ ಮಾಡಿ (ಆರಂಭಿಸಿ), ಇನ್‌ಸ್ಟಾಲ್ ಮಾಡದೆ ಬರೀ ಪ್ರಯೋಗಿಸುವ ಆಯ್ಕೆಯನ್ನು ಒತ್ತಿದರೆ ಡಿಸ್ಕ್‌ನಲ್ಲಿರುವ ಫೋಲ್ಡರ್‌ಗಳು ಕಾಣಿಸುತ್ತವೆ, ನಕಲು ಮಾಡಿಕೊಳ್ಳಬಹುದು. ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಕೇಸ್‌ಗೆ ಹಾಕಿ ಇನ್ನೊಂದು ಯಂತ್ರಕ್ಕೆ ಜೋಡಿಸುವುದು ಮತ್ತೊಂದು ದಾರಿ. ಎರಡಕ್ಕೂ ಒಂದು ತಡೆ ಇದೆ: ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವ ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪೀಕರಣಗೊಂಡಿರುತ್ತದೆ, ಅದನ್ನು ತೆರೆಯಲು 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಬೇಕು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ. ಬಯಾಸ್‌ನ (ವಿಂಡೋಸ್‌ಗೂ ಮೊದಲು ಎದ್ದು ಯಂತ್ರವನ್ನು ಆರಂಭಿಸುವ, ಮದರ್‌ಬೋರ್ಡ್‌ನಲ್ಲಿರುವ ತಂತ್ರಾಂಶ) ಸೆಟ್ಟಿಂಗ್ ಬದಲಿಸಿದರೂ ಯಂತ್ರ ಈ ಕೀ ಕೇಳಬಹುದು. ಹಾಗಾಗಿ ಎಲ್ಲವೂ ಸರಿಯಿರುವಾಗಲೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆ 48 ಅಂಕಿಗಳಿಲ್ಲದೆ ಎಂಥ ನುರಿತ ತಂತ್ರಜ್ಞನೂ ಒಳಗಿನ ಕಡತಗಳನ್ನು ತೆಗೆದುಕೊಡಲಾರ.

ಏನು ಬದಲಾಯಿತು ಎಂಬುದನ್ನು ಹುಡುಕುವುದು

ನಿನ್ನೆಯವರೆಗೆ ಸರಿಯಿದ್ದ ಕಂಪ್ಯೂಟರ್ ಇಂದು ಕೆಟ್ಟಿದ್ದರೆ ನಡುವೆ ಏನೋ ಬದಲಾಗಿರಬೇಕು: ಹೊಸ ತಂತ್ರಾಂಶ, ವಿಂಡೋಸ್ ಅಪ್‌ಡೇಟ್, ಪ್ರಿಂಟರ್‌ನ ಡ್ರೈವರ್ (ಸಾಧನವನ್ನು ವಿಂಡೋಸ್ ಜೊತೆ ಹೊಂದಿಸಿ ನಡೆಸುವ ತಂತ್ರಾಂಶ), ಮನೆಯಲ್ಲಿ ಕರೆಂಟ್ ಹೋಗಿ ಬಂದದ್ದು, ಯಂತ್ರವನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗಿಸಿದ್ದು. ಇದನ್ನು ನೆನಪಿನಿಂದಲೇ ಹೇಳಬೇಕಾಗಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ರಿಲಯಬಿಲಿಟಿ ಹಿಸ್ಟರಿ ತೋರಿಸುವ ಆಯ್ಕೆ ಬರುತ್ತದೆ. ಯಾವ ದಿನ ಯಾವ ತಂತ್ರಾಂಶ ಸೇರಿತು, ಯಾವ ಅಪ್‌ಡೇಟ್ ಬಂತು, ಯಾವುದು ಕುಸಿದುಬಿತ್ತು ಎಂಬುದೆಲ್ಲ ಅಲ್ಲಿ ದಿನದ ಕಂಬಸಾಲಾಗಿ ಕಾಣುತ್ತದೆ, ವಿಫಲವಾದ ದಿನಗಳಲ್ಲಿ ಕೆಂಪು ಗುರುತು ಇರುತ್ತದೆ. ಮೊದಲ ಕೆಂಪು ಗುರುತಿನ ದಿನ ಅಥವಾ ಅದರ ಹಿಂದಿನ ದಿನ ಸೇರಿದ್ದು ಏನೆಂದು ನೋಡಿದರೆ ಅನೇಕ ಸಲ ಅಲ್ಲಿಯೇ ಉತ್ತರ ಸಿಗುತ್ತದೆ. ಇಷ್ಟು ಉಪಯುಕ್ತವಾದ ಈ ಪುಟವನ್ನು ತೆರೆದು ನೋಡುವವರು ತೀರ ಕಡಿಮೆ ಎಂಬುದು ನನಗೆ ಬೇಸರದ ಸಂಗತಿ.

ಕಾರಣ ಒಂದು ಅಪ್‌ಡೇಟ್ ಎನಿಸಿದರೆ ಸೆಟ್ಟಿಂಗ್ಸ್‌ನ ಅಪ್‌ಡೇಟ್ ಹಿಸ್ಟರಿಯಿಂದ ಅದೊಂದನ್ನೇ ತೆಗೆಯಬಹುದು. ಡ್ರೈವರ್ ಎನಿಸಿದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪ್ರಾಪರ್ಟೀಸ್ ತೆರೆದು ರೋಲ್ ಬ್ಯಾಕ್ ಡ್ರೈವರ್ ಒತ್ತಬಹುದು. ಯಾವುದೆಂದು ಖಚಿತವಾಗದಿದ್ದರೆ ಸಿಸ್ಟಮ್ ರಿಸ್ಟೋರ್ ಇದೆ: ಅದು ನಿಮ್ಮ ದಾಖಲೆಗಳನ್ನು ಮುಟ್ಟದೆ ಸಿಸ್ಟಮ್ ಕಡತ, ಡ್ರೈವರ್ ಮತ್ತು ತಂತ್ರಾಂಶಗಳನ್ನಷ್ಟೇ ಹಿಂದಿನ ದಿನದ ಸ್ಥಿತಿಗೆ ಒಯ್ಯುತ್ತದೆ. ಆ ದಿನದ ನಂತರ ಹಾಕಿದ ತಂತ್ರಾಂಶಗಳನ್ನು ಮತ್ತೆ ಹಾಕಿಕೊಳ್ಳಬೇಕಾಗುತ್ತದೆ. ಕೆಲವು ಯಂತ್ರಗಳಲ್ಲಿ ಈ ಸೌಲಭ್ಯ ಆಫ್ ಆಗಿರುತ್ತದೆ, ಆಗ ಹಿಂದಿರುಗಲು ಯಾವ ದಿನವೂ ದೊರೆಯುವುದಿಲ್ಲ.

ಪರದೆಯ ಮೇಲೆ ಬಂದ ದೋಷದ ಸಂದೇಶವನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಏನೋ ಎರರ್ ಬಂತು ಎಂದು ಅಂಗಡಿಯವರಿಗೆ ಹೇಳುವುದಕ್ಕೂ ಆ ಫೋಟೋ ತೋರಿಸುವುದಕ್ಕೂ ಬಹಳ ಅಂತರವಿದೆ.

ನಿಧಾನಗತಿ

ಫಾರ್ಮ್ಯಾಟ್‌ಗೆ ಹೋಗುವ ಯಂತ್ರಗಳಲ್ಲಿ ಅನೇಕವುಗಳ ದೂರು ಇದೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಅಂಕಣಗಳಲ್ಲಿ ಯಂತ್ರ ನಿಧಾನವಾಗಿರುವ ಹೊತ್ತಿನಲ್ಲಿ ಯಾವುದು ತುಂಬಿದೆ ಎಂದು ನೋಡಿ. ಅಂಕಣದ ತಲೆಯ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಬಳಸುತ್ತಿರುವ ತಂತ್ರಾಂಶ ಮೇಲೆ ಬರುತ್ತದೆ.

ಸಿಪಿಯು ತುಂಬಿದ್ದರೆ ಅಪರಾಧಿಯ ಹೆಸರು ಅಲ್ಲಿಯೇ ಕಾಣುತ್ತದೆ. ವಿಂಡೋಸ್ ಅಪ್‌ಡೇಟ್ ಅಥವಾ ಆಂಟಿವೈರಸ್ ತಪಾಸಣೆ ನಡೆಯುತ್ತಿದ್ದರೆ ಕೆಲವು ಗಂಟೆ ಯಂತ್ರವನ್ನು ಆನ್ ಇಟ್ಟು ಬಿಟ್ಟುಬಿಡುವುದೇ ಪರಿಹಾರ. ಬಹಳ ದಿನ ಮುಚ್ಚಿಟ್ಟ ಲ್ಯಾಪ್‌ಟಾಪ್ ತೆರೆದ ದಿನ ಹೀಗೆಯೇ ಆಗುತ್ತದೆ. ಎರಡು ಆಂಟಿವೈರಸ್ ತಂತ್ರಾಂಶಗಳಿದ್ದರೆ ಒಂದನ್ನು ತೆಗೆಯಿರಿ. ಮೆಮೊರಿ ತುಂಬಿದ್ದು, ಯಂತ್ರದಲ್ಲಿ 4 ಜಿಬಿ ರ್ಯಾಮ್ ಮಾತ್ರ ಇದ್ದರೆ ಮರುಸ್ಥಾಪನೆಯ ಮಾರನೆಯ ದಿನವೂ ಅದು 4 ಜಿಬಿಯೇ ಆಗಿರುತ್ತದೆ. 4 ಜಿಬಿ ಎಂಬುದು ವಿಂಡೋಸ್ 11 ಕೇಳುವ ಕನಿಷ್ಠ ಪ್ರಮಾಣ, ಆರಾಮವಾಗಿ ಕೆಲಸ ಮಾಡುವ ಪ್ರಮಾಣವಲ್ಲ.

ಸಿಪಿಯು, ಮೆಮೊರಿ ಎರಡೂ ಬಿಡುವಾಗಿದ್ದು ಡಿಸ್ಕ್ ಮಾತ್ರ ಸದಾ 100 ಪ್ರತಿಶತದಲ್ಲಿ ನಿಂತಿರುವ ಯಂತ್ರಗಳು ಅಸಂಖ್ಯ. ಇವುಗಳಲ್ಲಿ ಸಾಮಾನ್ಯವಾಗಿ ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್ ಇರುತ್ತದೆ, ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ನಿಮಿಷಕ್ಕೆ 5,400 ಸುತ್ತಿನದು. ಇಂದಿನ ವಿಂಡೋಸ್ ಹಿನ್ನೆಲೆಯಲ್ಲಿ ನಡೆಸುವ ನೂರಾರು ಸಣ್ಣ ಓದು ಬರಹಗಳಿಗೆ ಅದರ ಸೂಜಿ ಓಡಾಡಿ ಮುಗಿಸುವಷ್ಟರಲ್ಲಿ ಬಳಕೆದಾರನ ತಾಳ್ಮೆ ಮುಗಿದಿರುತ್ತದೆ. ಫಾರ್ಮ್ಯಾಟ್ ಮಾಡಿದರೆ ಕೆಲವು ವಾರ ಹಗುರವೆನಿಸಿ ಮತ್ತೆ ಹಳೆಯ ಸ್ಥಿತಿಗೇ ಮರಳುತ್ತದೆ. ಈ ಯಂತ್ರಕ್ಕೆ ಬೇಕಾಗಿರುವುದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ದತ್ತಾಂಶ ಇಡುವ ವೇಗದ ಡಿಸ್ಕ್. ಹಳೆಯ ಡಿಸ್ಕ್‌ನಲ್ಲಿರುವುದನ್ನೆಲ್ಲ ಎಸ್‌ಎಸ್‌ಡಿಗೆ ಯಥಾವತ್ತಾಗಿ ಕ್ಲೋನ್ ಮಾಡಿಸಬಹುದಾದ್ದರಿಂದ ಆಗಲೂ ಮರುಸ್ಥಾಪನೆ ಕಡ್ಡಾಯವಲ್ಲ. ಫಾರ್ಮ್ಯಾಟ್‌ಗೆ ಮತ್ತೆ ಮತ್ತೆ ಹಣ ಕೊಡುವುದಕ್ಕಿಂತ ಆ ಹಣವನ್ನು ಎಸ್‌ಎಸ್‌ಡಿಗೆ ಹಾಕುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರೂ ಅಂಕಣ ಬಿಡುವಾಗಿದ್ದರೂ ಯಂತ್ರ ತೆವಳುತ್ತಿದ್ದರೆ ಶಾಖವನ್ನು ಸಂಶಯಿಸಿ. ಪ್ರೊಸೆಸರ್ ಮಿತಿಮೀರಿ ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಫ್ಯಾನ್ ಜೋರಾಗಿ ಸದ್ದು ಮಾಡುತ್ತಾ ಹೊರಬರುವ ಗಾಳಿ ಮಾತ್ರ ಮಂದವಾಗಿದ್ದರೆ ಒಳಗೆ ಧೂಳು ಕಟ್ಟಿದೆ ಎಂದರ್ಥ. ಹಾಸಿಗೆಯ ಮೇಲಿಟ್ಟು ಬಳಸುವ ಲ್ಯಾಪ್‌ಟಾಪ್‌ಗಳಲ್ಲಿ ಇದು ಬೇಗ ಆಗುತ್ತದೆ. ಫ್ಯಾನ್ ಶುಚಿಗೊಳಿಸಿ, ಪ್ರೊಸೆಸರ್‌ನ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ವ್ಯತ್ಯಾಸ ಅಂದೇ ಕಾಣುತ್ತದೆ.

ಇನ್ನೆರಡು ಸಣ್ಣ ಪರೀಕ್ಷೆಗಳಿವೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ವಿಭಾಗದಲ್ಲಿ ಯಂತ್ರ ಆನ್ ಆಗುವಾಗಲೇ ಎದ್ದು ಕೂರುವ ತಂತ್ರಾಂಶಗಳ ಪಟ್ಟಿ ಇರುತ್ತದೆ, ಬೇಡದವನ್ನು ಡಿಸೇಬಲ್ ಮಾಡಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಆರಿಸಿ ಕೆಳಗೆ ಅಪ್ ಟೈಮ್ ನೋಡಿ; ದಿನವೂ ಶಟ್ ಡೌನ್ ಮಾಡುವವರ ಯಂತ್ರದಲ್ಲೂ ಅದು ಹಲವು ದಿನಗಳನ್ನು ತೋರಿಸಬಹುದು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಆನ್ ಇದ್ದಾಗ ಶಟ್ ಡೌನ್ ಪೂರ್ಣವಾಗಿ ಆಗುವುದಿಲ್ಲ, ವಿಂಡೋಸ್‌ನ ತಿರುಳನ್ನು ಡಿಸ್ಕ್‌ಗೆ ಬರೆದಿಟ್ಟು ಮರುದಿನ ಅದನ್ನೇ ಎಬ್ಬಿಸಲಾಗುತ್ತದೆ. ನಿಜವಾಗಿ ಹೊಸದಾಗಿ ಆರಂಭವಾಗುವುದು ರಿಸ್ಟಾರ್ಟ್ ಒತ್ತಿದಾಗ. ಎಷ್ಟೋ ವಿಚಿತ್ರ ತೊಂದರೆಗಳು ಒಂದು ರಿಸ್ಟಾರ್ಟ್‌ನಿಂದ ಹೋಗುವುದಕ್ಕೆ ಇದೇ ಕಾರಣ.

ಡಿಸ್ಕ್‌ನ ಆರೋಗ್ಯ

ಕಡತ ತೆರೆಯುವಾಗ ಯಂತ್ರ ಕೆಲವು ಕ್ಷಣ ಸ್ತಬ್ಧವಾಗುವುದು, ನಕಲು ಮಾಡುವಾಗ ಅರ್ಧದಲ್ಲಿ ನಿಲ್ಲುವುದು, ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಒಂದೇ ಲಯದಲ್ಲಿ ಕೇಳುವುದು ಡಿಸ್ಕ್ ಕೆಡುತ್ತಿರುವ ಲಕ್ಷಣಗಳು. ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ ತಾನೇ ಬರೆದಿಡುತ್ತದೆ. ಅದನ್ನು ಓದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ತೆರೆದೊಡನೆ ಡಿಸ್ಕ್‌ನ ಸ್ಥಿತಿ ನೀಲಿ, ಹಳದಿ ಅಥವಾ ಕೆಂಪು ಬಣ್ಣದಲ್ಲಿ ಕಾಣುತ್ತದೆ. ನೀಲಿಯೆಂದರೆ ಸರಿಯಿದೆ, ಹಳದಿ ಎಚ್ಚರಿಕೆ, ಕೆಂಪು ಕೆಟ್ಟಿದೆ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಬಣ್ಣಕ್ಕಿಂತ ಕೆಳಗಿನ ಪಟ್ಟಿಯ ಮೂರು ಸಾಲುಗಳು ಮುಖ್ಯ. 05 ಎಂಬ ಸಾಲು ಕೆಟ್ಟ ಸೆಕ್ಟರ್‌ಗಳ (ದತ್ತಾಂಶ ಬರೆಯಲು ಡಿಸ್ಕನ್ನು ವಿಂಗಡಿಸಿರುವ ಸಣ್ಣ ತುಣುಕುಗಳು) ಬದಲಿಗೆ ಮೀಸಲು ಸೆಕ್ಟರ್‌ಗಳನ್ನು ಎಷ್ಟು ಬಳಸಿಕೊಳ್ಳಲಾಗಿದೆ ಎಂಬುದನ್ನೂ, ಸಿ5 ಎಂಬುದು ಓದಲು ಕಷ್ಟವಾಗಿ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳನ್ನೂ, ಸಿ6 ಎಂಬುದು ಸರಿಪಡಿಸಲಾಗದವನ್ನೂ ಎಣಿಸುತ್ತದೆ. ಈ ಸಾಲುಗಳ ಕೊನೆಯಲ್ಲಿ ಬರೀ ಸೊನ್ನೆಗಳಿರಬೇಕು. ಬೇರೆ ಅಂಕಿ ಕಂಡು, ಅದು ಏರುತ್ತಲೂ ಇದ್ದರೆ ಆ ಡಿಸ್ಕ್‌ನ ಮೇಲೆ ಮತ್ತೆ ವಿಂಡೋಸ್ ಹಾಕುವುದರಲ್ಲಿ ಅರ್ಥವಿಲ್ಲ. ಸಿ7 ಸಾಲಿನಲ್ಲಿ ಮಾತ್ರ ಅಂಕಿ ಏರುತ್ತಿದ್ದರೆ ಬಹುತೇಕ ದೋಷ ಡಿಸ್ಕ್‌ನದಲ್ಲ, ಅದನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್‌ನದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಡಿಸ್ಕ್ ಕೆಡುತ್ತಿದೆ ಎಂಬ ಸಂಶಯವಿದ್ದಾಗ ಚೆಕ್ ಡಿಸ್ಕ್ ಆಜ್ಞೆಯನ್ನು ಇಡೀ ಡಿಸ್ಕ್ ಓದುವ ಆಯ್ಕೆಯೊಂದಿಗೆ ಮೊದಲೇ ಓಡಿಸಬೇಡಿ. ಅದು ಗಂಟೆಗಟ್ಟಲೆ ಪ್ರತಿಯೊಂದು ಸೆಕ್ಟರನ್ನೂ ಓದಿಸುತ್ತದೆ, ದುರ್ಬಲವಾದ ಡಿಸ್ಕ್ ಆ ಶ್ರಮದಲ್ಲೇ ಪೂರ್ತಿ ನಿಂತುಹೋಗಬಹುದು. ಮೊದಲು ಕಡತಗಳನ್ನು ಹೊರತೆಗೆಯಬೇಕು, ಅದರಲ್ಲೂ ಮರಳಿ ಸಿಗದ ಫೋಟೋ ಮತ್ತು ಲೆಕ್ಕಪತ್ರಗಳನ್ನು ಎಲ್ಲಕ್ಕಿಂತ ಮುಂಚೆ ತೆಗೆಯಬೇಕು. ಡಿಸ್ಕ್ ಗಟ್ಟಿಯಾಗಿದ್ದು, ಕರೆಂಟ್ ಹೋದ ನಂತರ ಫೋಲ್ಡರ್‌ಗಳ ವ್ಯವಸ್ಥೆ ಮಾತ್ರ ಏರುಪೇರಾಗಿದ್ದರೆ, ಡ್ರೈವ್‌ನ ಪ್ರಾಪರ್ಟೀಸ್ ತೆರೆದು ಟೂಲ್ಸ್ ವಿಭಾಗದ ಚೆಕ್ ಗುಂಡಿಯಿಂದ ಸರಿಪಡಿಸಿಕೊಳ್ಳಬಹುದು.

ತಾನಾಗಿ ಆಫ್ ಆಗುವುದು, ಡಿಸ್‌ಪ್ಲೇ ಬಾರದಿರುವುದು

ಯಾವ ಸೂಚನೆಯೂ ಇಲ್ಲದೆ ಡೆಸ್ಕ್‌ಟಾಪ್ ಆಫ್ ಆದರೆ ಮೊದಲು ವಿದ್ಯುತ್ತಿನ ದಾರಿಯನ್ನು ನೋಡಿ. ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್‌ಗೆ ಜೋಡಿಸಿದಾಗ ಸರಿಯಿದ್ದರೆ ದೋಷ ಯುಪಿಎಸ್‌ನದು, ಬಹುಪಾಲು ಅದರ ಬ್ಯಾಟರಿ ಸತ್ತಿರುತ್ತದೆ. ಆಟವಾಡುವಾಗ ಅಥವಾ ವಿಡಿಯೋ ಸಂಕಲನದಂಥ ಭಾರದ ಕೆಲಸದಲ್ಲಿ ಮಾತ್ರ ಆಫ್ ಆಗುವುದಾದರೆ ಎಸ್‌ಎಂಪಿಎಸ್ ಅಥವಾ ಶಾಖ ಕಾರಣವಾಗಿರಬಹುದು. ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಕಂಡು ಜನ ಗಾಬರಿಯಾಗುವುದುಂಟು. ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂಬುದಷ್ಟೇ ಅದರ ಅರ್ಥ, ಕಾರಣವನ್ನು ಅದು ಹೇಳುವುದಿಲ್ಲ.

ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಆದರೆ ಡಿಸ್‌ಪ್ಲೇ ಬರುವುದಿಲ್ಲ ಎಂಬ ದೂರಿಗೆ ಡೆಸ್ಕ್‌ಟಾಪ್‌ಗಳಲ್ಲಿ ಮಾನಿಟರ್‌ನ ಕೇಬಲ್ ನೋಡಿದ ಮೇಲೆ ಮುಂದಿನ ಹೆಜ್ಜೆ ರ್ಯಾಮ್. ಯಂತ್ರವನ್ನು ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿಹಿಡಿದು ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿದರೆ ಮೈಯಲ್ಲಿನ ಸ್ಥಿರವಿದ್ಯುತ್ ಹೊರಟುಹೋಗುತ್ತದೆ. ರ್ಯಾಮ್ ಸ್ಲಾಟ್‌ನ ತುದಿಗಳಲ್ಲಿರುವ ಕೊಂಡಿಯನ್ನು ಹೊರಕ್ಕೆ ಒತ್ತಿದರೆ ಪಟ್ಟಿ ಮೇಲೇಳುತ್ತದೆ. ಅದನ್ನು ಅಂಚಿನಲ್ಲಿ ಹಿಡಿದು ಎತ್ತಿ, ಕೆಳಗಿನ ಚಿನ್ನದ ಬಣ್ಣದ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿ. ಮಾಸಿದ್ದರೆ, ಮೆತ್ತಗಿನ ಬಿಳಿ ಪೆನ್ಸಿಲ್ ರಬ್ಬರ್‌ನಿಂದ ಗೆರೆಗಳ ಉದ್ದಕ್ಕೆ ಎರಡೂ ಬದಿ ಹಗುರವಾಗಿ ಉಜ್ಜಿ, ರಬ್ಬರಿನ ಪುಡಿಯನ್ನು ಒಣ ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಒದ್ದೆ ಬಟ್ಟೆ ಬೇಡ, ಬಾಯಿಂದ ಊದುವುದೂ ಬೇಡ, ಉಸಿರಿನಲ್ಲಿ ತೇವವಿರುತ್ತದೆ. ಮರಳಿ ಕೂರಿಸುವಾಗ ಪಟ್ಟಿಯ ಕೆಳಗಿನ ಕಚ್ಚು ಸ್ಲಾಟ್‌ನ ಉಬ್ಬಿಗೆ ಸರಿಹೊಂದಬೇಕು. ಹೊಂದದಿದ್ದರೆ ಪಟ್ಟಿಯನ್ನು ತಿರುಗಿಸಿ ಹಿಡಿಯಬೇಕೇ ಹೊರತು ಬಲವಂತ ಮಾಡಬಾರದು. ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿದಾಗ ಕೊಂಡಿ ಟಕ್ ಎಂದು ತಾನಾಗಿ ಮುಚ್ಚಿಕೊಂಡರೆ ಸರಿಯಾಗಿ ಕೂತಿದೆ ಎಂದರ್ಥ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಬಳಸದೆ ಬಿಟ್ಟ ಯಂತ್ರ ಮಳೆಗಾಲ ಕಳೆದ ಮೇಲೆ ತೆರೆಯದಿದ್ದರೆ, ಮಲೆನಾಡು ಕರಾವಳಿಯ ತೇವದಲ್ಲಂತೂ, ಇದನ್ನೇ ಮೊದಲು ಮಾಡಿ ನೋಡುವುದು ಒಳ್ಳೆಯದು.

ಯಂತ್ರ ತೆರೆದುಕೊಂಡು ನಡುವೆ ನೀಲಿ ಪರದೆ ಬರುತ್ತಿದ್ದರೆ (ಇತ್ತೀಚಿನ ವಿಂಡೋಸ್ 11ರಲ್ಲಿ ಅದರ ಬಣ್ಣ ಕಪ್ಪು) ಕೆಳಗಿರುವ ಸ್ಟಾಪ್ ಕೋಡನ್ನು ಬರೆದುಕೊಳ್ಳಿ. ಪ್ರತಿ ಸಲ ಬೇರೆ ಬೇರೆ ಕೋಡ್ ಬರುವುದು ಅನೇಕ ವೇಳೆ ರ್ಯಾಮ್ ದೋಷದ ಲಕ್ಷಣ. ಸ್ಟಾರ್ಟ್ ಮೆನುವಿನಿಂದ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿದರೆ ಯಂತ್ರ ರಿಸ್ಟಾರ್ಟ್ ಆಗಿ ರ್ಯಾಮನ್ನು ಪರೀಕ್ಷಿಸುತ್ತದೆ. ಅದು ಸರಿಯಿದೆ ಎಂದರೂ ಸಂಶಯ ಉಳಿದರೆ ಮೆಮ್‌ಟೆಸ್ಟ್86 ಎಂಬುದನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಬೇಕು. ಅದರಲ್ಲಿ ಒಂದೇ ಒಂದು ದೋಷ ಕಂಡರೂ ಅದನ್ನು ಉಪೇಕ್ಷಿಸುವಂತಿಲ್ಲ. ದೋಷವಿರುವ ರ್ಯಾಮ್ ಇಟ್ಟುಕೊಂಡು ವಿಂಡೋಸ್ ಮರುಸ್ಥಾಪಿಸಿದರೆ ಹೊಸ ಕಡತಗಳೇ ತಪ್ಪಾಗಿ ಬರೆಯಲ್ಪಡಬಹುದು.

ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯ ಬಗೆಗೂ ಹೇಳಬೇಕು, ಏಕೆಂದರೆ ಇಷ್ಟು ಸಣ್ಣ ವಸ್ತುವಿನಿಂದ ಎರಡು ದೊಡ್ಡ ಭ್ರಮೆಗಳು ಹುಟ್ಟುತ್ತವೆ. ಅದು ಖಾಲಿಯಾದಾಗ ಯಂತ್ರದ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಆ ದಿನಾಂಕಕ್ಕೆ ಹೊಂದದ ಕಾರಣ ಬ್ಯಾಂಕಿನಿಂದ ಹಿಡಿದು ಮೇಲ್‌ವರೆಗೆ ಯಾವುದೂ ತೆರೆಯದೆ, ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ, ಬಳಕೆದಾರ ವೈರಸ್ ಬಂತೆಂದು ಭಾವಿಸುತ್ತಾನೆ. ಎರಡನೆಯದು ಇನ್ನೂ ಗಂಭೀರ. ಬ್ಯಾಟರಿ ಖಾಲಿಯಾದರೆ ಬಯಾಸ್‌ನ ಸೆಟ್ಟಿಂಗ್‌ಗಳು ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಅದರಿಂದ ಡಿಸ್ಕ್ ಓದುವ ವಿಧಾನವೇ ಬದಲಾಗಿ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ಕೋಡ್‌ನೊಂದಿಗೆ ವಿಂಡೋಸ್ ಆರಂಭವಾಗುವ ಮೊದಲೇ ಕುಸಿಯುತ್ತದೆ. ಬ್ಯಾಟರಿ ಬದಲಿಸಿ, ಬಯಾಸ್‌ನಲ್ಲಿ ಎಎಚ್‌ಸಿಐ ಅಥವಾ ರೇಯ್ಡ್ ಎಂಬ ಆಯ್ಕೆಯನ್ನು ಮೊದಲಿದ್ದಂತೆ ಮಾಡಿದರೆ ಒಂದು ಕಡತವೂ ಕಳೆಯದೆ ಎಲ್ಲವೂ ಮರಳುತ್ತದೆ.

ವಿಂಡೋಸ್ ತೆರೆಯದಿದ್ದಾಗ

ಬೂಟ್ ಸಾಧನ ಸಿಗಲಿಲ್ಲ ಎಂಬ ಸಂದೇಶ ಬಂದರೆ ಚುಚ್ಚಿರುವ ಪೆನ್‌ಡ್ರೈವ್‌ಗಳನ್ನೆಲ್ಲ ಕಿತ್ತು ಮತ್ತೆ ಆನ್ ಮಾಡಿ. ಆಗಲೂ ಬಂದರೆ ಬಯಾಸ್ ತೆರೆದು ಡಿಸ್ಕ್‌ನ ಹೆಸರು ಕಾಣುತ್ತದೆಯೇ ನೋಡಿ. ಅಲ್ಲಿಯೇ ಕಾಣದಿದ್ದರೆ ವಿಂಡೋಸ್ ಹಾಕಲು ಜಾಗವೇ ಇಲ್ಲವೆಂದಾಯಿತು, ಕೇಬಲ್ ಅಥವಾ ಡಿಸ್ಕ್ ಸರಿಪಡಿಸಬೇಕು.

ಡಿಸ್ಕ್ ಕಾಣುತ್ತಿದ್ದು ವಿಂಡೋಸ್ ಅರ್ಧಕ್ಕೆ ನಿಲ್ಲುತ್ತಿದ್ದರೆ, ಎರಡು ಮೂರು ಬಾರಿ ಆರಂಭ ವಿಫಲವಾದ ಮೇಲೆ ದುರಸ್ತಿಯ ನೀಲಿ ಪುಟ ತಾನಾಗಿ ಬರುತ್ತದೆ. ಲಾಗಿನ್ ಪುಟದವರೆಗೆ ಬರುವುದಾದರೆ ಶಿಫ್ಟ್ ಕೀ ಒತ್ತಿಹಿಡಿದು ರಿಸ್ಟಾರ್ಟ್ ಕ್ಲಿಕ್ ಮಾಡಿದರೂ ಅದೇ ಪುಟ ಸಿಗುತ್ತದೆ. ಟ್ರಬಲ್‌ಶೂಟ್ ಒಳಗಿನ ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಸ್ಟಾರ್ಟಪ್ ರಿಪೇರ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್, ಸಿಸ್ಟಮ್ ರಿಸ್ಟೋರ್ ಇವೆ. ಮೊದಲು ಈ ಕ್ರಮದಲ್ಲೇ ಪ್ರಯತ್ನಿಸಿ. ಅದೇ ಪುಟದ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ, ರಿಸ್ಟಾರ್ಟ್ ಆದ ಮೇಲೆ 4 ಒತ್ತಿದರೆ ಸೇಫ್ ಮೋಡ್ ತೆರೆಯುತ್ತದೆ. ಅಲ್ಲಿ ವಿಂಡೋಸ್‌ಗೆ ತೀರ ಅಗತ್ಯವಾದ ಡ್ರೈವರ್‌ಗಳು ಮಾತ್ರ ಎಚ್ಚರವಾಗಿರುತ್ತವೆ. ಸೇಫ್ ಮೋಡ್‌ನಲ್ಲಿ ಯಂತ್ರ ಚೆನ್ನಾಗಿ ನಡೆದರೆ ವಿಂಡೋಸ್‌ನ ಬುಡ ಗಟ್ಟಿಯಾಗಿದೆ, ತೊಂದರೆ ನಂತರ ಸೇರಿಕೊಂಡ ಯಾವುದೋ ಡ್ರೈವರ್ ಅಥವಾ ತಂತ್ರಾಂಶದಲ್ಲಿದೆ ಎಂದು ತಿಳಿಯಬಹುದು, ಅದನ್ನು ಅಲ್ಲಿಂದಲೇ ತೆಗೆಯಬಹುದು.

ಇದರ ಬಲ ಎಷ್ಟೆಂಬುದು 2024ರ ಜುಲೈ 19ರಂದು ಜಗತ್ತಿಗೇ ಗೊತ್ತಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್ ಒಂದರಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಂದು ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲೂ ಕೈಬರಹದ ಬೋರ್ಡಿಂಗ್ ಪಾಸ್ ಕೊಡುವ ಸ್ಥಿತಿ ಬಂತು. ಆ ಯಂತ್ರಗಳಿಗೆ ಫಾರ್ಮ್ಯಾಟ್ ಬೇಕಾಗಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಡ್ರೈವರ್ಸ್ ಫೋಲ್ಡರ್‌ನ ಒಳಗಿದ್ದ ಆ ದೋಷದ ಕಡತವನ್ನು ಅಳಿಸಿ ರಿಸ್ಟಾರ್ಟ್ ಮಾಡುವುದೇ ಪರಿಹಾರವಾಗಿತ್ತು. ಅನೇಕ ಕಡೆ ತಡವಾದದ್ದು ಬಿಟ್‌ಲಾಕರ್‌ನ 48 ಅಂಕಿಗಳನ್ನು ಹುಡುಕುವುದರಲ್ಲಿ.

ಸಿಸ್ಟಮ್ ಕಡತಗಳ ದುರಸ್ತಿ

ಯಂತ್ರಾಂಶ ಗಟ್ಟಿಯಾಗಿದೆ ಎಂದು ಖಚಿತವಾದ ಮೇಲೆ ವಿಂಡೋಸ್ ತನ್ನ ಕಡತಗಳನ್ನು ತಾನೇ ಸರಿಪಡಿಸಿಕೊಳ್ಳುವಂತೆ ಮಾಡಬಹುದು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ, ಅಡ್ಮಿನ್ ಎಂಬ ಪದವಿರುವ ಟರ್ಮಿನಲ್ ಅಥವಾ ಪವರ್‌ಶೆಲ್ ಆರಿಸಿ. ಮೊದಲ ಆಜ್ಞೆ ಹೀಗಿದೆ: ಇಂಗ್ಲಿಷ್ ಅಕ್ಷರಗಳಲ್ಲಿ ಡಿ, ಐ, ಎಸ್, ಎಂ ಎಂದು ಒಟ್ಟಿಗೆ ಬರೆದು, ಒಂದು ಜಾಗ ಬಿಟ್ಟು, ಮುಂದಕ್ಕೆ ಬಾಗಿದ ಓರೆಗೆರೆ ಹಾಕಿ ಆನ್‌ಲೈನ್ ಎಂದು ಬರೆಯಿರಿ. ಮತ್ತೆ ಜಾಗ ಬಿಟ್ಟು ಓರೆಗೆರೆಯೊಂದಿಗೆ ಕ್ಲೀನಪ್, ಅಡ್ಡಗೆರೆ, ಇಮೇಜ್ ಎಂದು ಜಾಗವಿಲ್ಲದೆ ಬರೆಯಿರಿ. ಇನ್ನೊಮ್ಮೆ ಜಾಗ ಬಿಟ್ಟು ಓರೆಗೆರೆಯೊಂದಿಗೆ ರಿಸ್ಟೋರ್‌ಹೆಲ್ತ್ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಇದು ಇಂಟರ್ನೆಟ್‌ನಿಂದ ಸರಿಯಾದ ಪ್ರತಿಗಳನ್ನು ತರಿಸಿಕೊಳ್ಳುತ್ತದೆ. ನಡುವೆ ಅಂಕಿ ಬಹಳ ಹೊತ್ತು ಒಂದೇ ಕಡೆ ನಿಂತಂತೆ ಕಂಡರೂ ಮುಚ್ಚಬಾರದು. ಅದು ಮುಗಿದ ನಂತರ ಎಸ್, ಎಫ್, ಸಿ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆಯೊಂದಿಗೆ ಸ್ಕ್ಯಾನ್‌ನೌ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಎರಡನೆಯ ಆಜ್ಞೆ ದುರಸ್ತಿಗೆ ಬಳಸುವ ಉಗ್ರಾಣವನ್ನು ಮೊದಲನೆಯದು ಸರಿಪಡಿಸುತ್ತದೆಯಾದ್ದರಿಂದ ಕ್ರಮ ಹೀಗೆಯೇ ಇರಬೇಕು.

ತೊಂದರೆ ನಿಮ್ಮ ಲಾಗಿನ್‌ನಲ್ಲಿ ಮಾತ್ರ ಇದೆಯೇ ಎಂದು ತಿಳಿಯಲು ಹೊಸ ಬಳಕೆದಾರ ಖಾತೆಯೊಂದನ್ನು ಸೃಷ್ಟಿಸಿ ಅದರಲ್ಲಿ ತೆರೆದು ನೋಡಿ. ಅಲ್ಲಿ ಎಲ್ಲವೂ ಸರಿಯಿದ್ದರೆ ಕೆಟ್ಟಿರುವುದು ಹಳೆಯ ಖಾತೆಯ ಪ್ರೊಫೈಲ್ ಮಾತ್ರ, ಕಡತಗಳನ್ನು ಹೊಸ ಖಾತೆಗೆ ಸಾಗಿಸಿದರೆ ಸಾಕು.

ಇಂಟರ್ನೆಟ್ ಮತ್ತು ಪ್ರಿಂಟರ್

ಇಂಟರ್ನೆಟ್ ಬರದಿದ್ದರೆ ಅದೇ ವೈಫೈಯಲ್ಲಿ ಮೊಬೈಲ್ ನಡೆಯುತ್ತದೆಯೇ ನೋಡಿ, ನಡೆಯದಿದ್ದರೆ ತೊಂದರೆ ರೂಟರ್‌ನದು ಅಥವಾ ಸಂಪರ್ಕ ಒದಗಿಸುವವರದು. ಕಂಪ್ಯೂಟರ್‌ನಲ್ಲಿ ಮಾತ್ರ ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ರಿಸೆಟ್ ಇದೆ. ವೈಫೈ ಪಾಸ್‌ವರ್ಡ್ ಮತ್ತೆ ಕೊಡಬೇಕಾಗುತ್ತದೆ. ಪರದೆಯ ಮೂಲೆಯಲ್ಲಿ ವೈರಸ್ ಬಂದಿದೆ ಎಂಬ ಜಾಹೀರಾತುಗಳು ಪುಟಿಯುತ್ತಿದ್ದರೆ ಅದು ಬಹುಪಾಲು ಯಾವುದೋ ಜಾಲತಾಣಕ್ಕೆ ನೋಟಿಫಿಕೇಶನ್ ಅನುಮತಿ ಕೊಟ್ಟ ಫಲ. ಬ್ರೌಸರ್‌ನ ಸೆಟ್ಟಿಂಗ್‌ನಲ್ಲಿ ಆ ಅನುಮತಿಯನ್ನೂ ಪರಿಚಯವಿಲ್ಲದ ಎಕ್ಸ್‌ಟೆನ್ಶನ್‌ಗಳನ್ನೂ ತೆಗೆಯಿರಿ. ಪ್ರಿಂಟರ್‌ನ ಸರತಿಯಲ್ಲಿ ಒಂದು ಕಡತ ಸಿಕ್ಕಿಕೊಂಡು ಅಳಿಯದಿದ್ದರೆ ಸರ್ವಿಸಸ್ ತೆರೆದು ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬಲ್ಲಿರುವ ಕಡತಗಳನ್ನು ಅಳಿಸಿ, ಸ್ಪೂಲರನ್ನು ಮತ್ತೆ ಆರಂಭಿಸಿ.

ಮರುಸ್ಥಾಪನೆಯೇ ಬೇಕಾದಾಗ

ಇಷ್ಟಾದರೂ ಸರಿಹೋಗದಿದ್ದರೆ ಮರುಸ್ಥಾಪನೆಯಲ್ಲೂ ಮೆಟ್ಟಿಲುಗಳಿವೆ. ಮೊದಲನೆಯದರಲ್ಲಿ ತಂತ್ರಾಂಶ, ಕಡತ ಎರಡೂ ಉಳಿಯುತ್ತವೆ: ವಿಂಡೋಸ್ 11ರ ರಿಕವರಿ ಪುಟದಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಸರಿಪಡಿಸುವ ಆಯ್ಕೆ ಇದೆ, ಮೈಕ್ರೋಸಾಫ್ಟ್ ತಾಣದಿಂದ ಐಎಸ್‌ಒ (ವಿಂಡೋಸ್‌ನ ಪೂರ್ಣ ಸ್ಥಾಪನಾ ಕಡತ) ಇಳಿಸಿಕೊಂಡು ವಿಂಡೋಸ್ ತೆರೆದಿರುವಾಗಲೇ ಅದರ ಸೆಟಪ್ ಓಡಿಸಿದರೂ ಅದೇ ಫಲ. ಎರಡನೆಯದು ರಿಸೆಟ್ ದಿಸ್ ಪಿಸಿ. ಇದರಲ್ಲಿ ಕಡತ ಉಳಿಸುವ ಆಯ್ಕೆ ಒತ್ತಿದರೂ ಹೊರಗಿನಿಂದ ಹಾಕಿದ ತಂತ್ರಾಂಶಗಳೆಲ್ಲ ಹೋಗುತ್ತವೆ. ಪೂರ್ಣ ಅಳಿಸಿ ಹೊಸದಾಗಿ ಹಾಕುವುದು ಮೂರನೆಯದು. ಡಿಸ್ಕ್ ಬದಲಿಸಿ ಕ್ಲೋನ್ ಮಾಡಲಾಗದಿದ್ದಾಗ, ಅಥವಾ ಕಡತಗಳನ್ನು ಒತ್ತೆಯಿಡುವ ರ್ಯಾನ್ಸಮ್‌ವೇರ್‌ನಂಥ ಕುತಂತ್ರಾಂಶ ಹೊಕ್ಕಾಗ ಅದೇ ಸರಿಯಾದ ದಾರಿ, ಅಲ್ಲಿ ಹಿಂಜರಿಯಬಾರದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಯಂತ್ರ ವಿಂಡೋಸ್ 11ಕ್ಕೆ ಅರ್ಹವಾಗಿದ್ದರೆ ಮತ್ತೆ 10ನ್ನೇ ಹಾಕಿಸುವುದರಲ್ಲಿ ಲಾಭವಿಲ್ಲ.

ಅಂಗಡಿಗೆ ಕೊಡುವುದಾದರೆ ಎರಡು ವಿಷಯ ಸ್ಪಷ್ಟವಾಗಿ ಹೇಳಿ. ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪ್‌ಗಳ ಪರವಾನಗಿ ಮದರ್‌ಬೋರ್ಡ್‌ನಲ್ಲೇ ದಾಖಲಾಗಿರುತ್ತದೆ. ಮೊದಲಿದ್ದದ್ದು ಹೋಮ್ ಆವೃತ್ತಿಯಾದರೆ ಹೋಮನ್ನೇ ಹಾಕಿದಾಗ ಅದು ತಾನಾಗಿ ಸಕ್ರಿಯವಾಗುತ್ತದೆ. ಅದರ ಬದಲು ಪ್ರೊ ಆವೃತ್ತಿ ಹಾಕಿ, ಕಳ್ಳ ಆಕ್ಟಿವೇಟರ್‌ನಿಂದ ಸಕ್ರಿಯಗೊಳಿಸಿದರೆ ನೀವು ಹಣ ಕೊಟ್ಟ ಪರವಾನಗಿ ವ್ಯರ್ಥವಾಗುವುದಲ್ಲದೆ, ಆಂಟಿವೈರಸನ್ನು ಆಫ್ ಮಾಡಿಸಿ ಒಳನುಗ್ಗುವ ಆ ಆಕ್ಟಿವೇಟರ್ ಏನೇನು ಹೊತ್ತು ತರುತ್ತದೋ ಹೇಳಲಾಗದು. ಎರಡನೆಯದು, ಯಾವ ಭಾಗವನ್ನು ಅಳಿಸಬಾರದು ಎಂಬುದನ್ನು ಡ್ರೈವ್‌ನ ಹೆಸರು ಮತ್ತು ಗಾತ್ರದ ಸಮೇತ ಚೀಟಿಯಲ್ಲಿ ಬರೆದುಕೊಡಿ. ನೀವೇ ಹಾಕುವುದಾದರೆ ವೈಫೈ ಡ್ರೈವರನ್ನು ತಯಾರಕರ ತಾಣದಿಂದ ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿ. ಇಂಟೆಲ್‌ನ 11ನೆಯ ತಲೆಮಾರು ಮತ್ತು ನಂತರದ ಪ್ರೊಸೆಸರ್‌ಗಳ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಸೆಟಪ್ ಓಡುವಾಗ ಡಿಸ್ಕ್‌ಗಳ ಪಟ್ಟಿ ಖಾಲಿಯಾಗಿ ಕಾಣುತ್ತದೆ. ಡಿಸ್ಕ್ ಸತ್ತಿತೆಂದು ತಿಳಿಯಬೇಡಿ. ಇಂಟೆಲ್ ರ್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬಿಚ್ಚಿ ಅದೇ ಪೆನ್‌ಡ್ರೈವ್‌ನ ಫೋಲ್ಡರ್ ಒಂದರಲ್ಲಿಟ್ಟು, ಆ ಪುಟದ ಲೋಡ್ ಡ್ರೈವರ್ ಗುಂಡಿಯಿಂದ ತೋರಿಸಿದರೆ ಡಿಸ್ಕ್ ಪಟ್ಟಿಯಲ್ಲಿ ಮೂಡುತ್ತದೆ.